ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಮತ್ತು ಧಕ್ಕೆಯ ಬಾಡಿಗೆ

2013ರ ಬೇಸಗೆಯಲ್ಲಿ ಅಪ್ಪ ಮಂಗಳೂರಿನಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದಾಗ, ಪುಸ್ತಕದ ಕಪಾಟೊಂದನ್ನು ಕೊಳ್ಳುವ ನೆಪದಲ್ಲಿ ಅವರನ್ನು ವಾಲ್ಟ್ ವಿಟ್‌ಮನ್ ಸೇತುವೆಯ ಮೇಲಿಂದ ಡೆಲವೇರ್ ನದಿ ದಾಟಿಸಿ ದಕ್ಷಿಣ ಫಿಲಡೆಲ್ಫಿಯಾದ ಐಕಿಯಾ ಅಂಗಡಿಗೆ ಕರೆದೊಯ್ದಿದ್ದೆ. ಕಪಾಟು ನಮಗೆ ಬೇಕಿತ್ತು, ನಿಜ. ಆದರೆ ಆ ಅಂಗಡಿಯ ಊಟದ ಕೋಣೆಯ ಕಿಟಕಿಯಿಂದ ಕಾಣುವ ಹಡಗನ್ನು ಅವರಿಗೆ ತೋರಿಸಬೇಕೆಂಬುದೇ ನನ್ನ ಮುಖ್ಯ ಆಸೆಯಾಗಿತ್ತು. ರಸ್ತೆಯ ಆಚೆಗೆ, 82ನೆಯ ಸಂಖ್ಯೆಯ ಧಕ್ಕೆಯಲ್ಲಿ, ಅಂದರೆ ಹಡಗು ಕಟ್ಟಿ ನಿಲ್ಲಿಸುವ ಕಟ್ಟೆಯಲ್ಲಿ, ಬಣ್ಣವೆಲ್ಲ ಸಿಪ್ಪೆಯೆದ್ದು ತುಕ್ಕಿನ ಗೆರೆಗಳು ಇಳಿದಿದ್ದ ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ನಿಂತಿತ್ತು. ಅದರ ಉದ್ದ 990 ಅಡಿ, ಟೈಟಾನಿಕ್‌ಗಿಂತಲೂ ನೂರು ಅಡಿಗೆ ಮೀರಿ ಹೆಚ್ಚು. ಅದರ ಎರಡು ಬೃಹತ್ ಚಿಮಣಿಗಳ ಕೆಂಪು, ಬಿಳಿ, ನೀಲಿ ಪಟ್ಟಿಗಳು ಬಿಸಿಲಿಗೆ ಮಾಸಿ, ಒಗೆದು ಒಗೆದು ಹಳತಾದ ಸೀರೆಯ ಅಂಚಿನಂತಾಗಿದ್ದವು.

ಅಪ್ಪ ಮಂಗಳೂರಿನ ಹಳೆ ಬಂದರಿನಲ್ಲಿ, ಲಕ್ಷದ್ವೀಪಕ್ಕೆ ಹೋಗುವ ಮಂಜಿ ದೋಣಿಗಳಿಗೆ ಸರಕು ತುಂಬಿಸುವ ಒಂದು ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಹಡಗನ್ನು ಬಹಳ ಹೊತ್ತು ನೋಡಿದರು. ಅದು ಅಟ್ಲಾಂಟಿಕ್ ಸಾಗರವನ್ನು ಎಲ್ಲಕ್ಕಿಂತ ವೇಗವಾಗಿ ದಾಟಿದ ಪ್ರಯಾಣಿಕ ಹಡಗೆಂದೂ, ನಾಲ್ವರು ಅಮೆರಿಕಾಧ್ಯಕ್ಷರು ತಮ್ಮ ಜೀವನದ ಬೇರೆ ಬೇರೆ ಕಾಲಗಳಲ್ಲಿ ಅದರಲ್ಲಿ ಪ್ರಯಾಣಿಸಿದ್ದರೆಂದೂ ನಾನು ವಿವರಿಸುತ್ತಲೇ ಇದ್ದೆ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವರು ತುಳುವಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಇದಕ್ಕೆ ಧಕ್ಕೆಯ ಬಾಡಿಗೆ ದಿನಕ್ಕೆ ಎಷ್ಟಂತೆ?”

ನನಗೆ ಆಗ ಸ್ವಲ್ಪ ನಿರಾಸೆಯಾಯಿತು. ಇತಿಹಾಸವನ್ನು ತೋರಿಸಲು ಕರೆತಂದರೆ ಇವರು ಬಾಡಿಗೆ ಕೇಳುತ್ತಾರಲ್ಲ ಎಂದುಕೊಂಡೆ. ಈ ಹಡಗಿನ ಕತೆ ಮುಗಿಯುತ್ತ ಬಂದಿರುವ ಈ ಹೊತ್ತಿನಲ್ಲಿ ಹಿಂದಿರುಗಿ ನೋಡಿದರೆ, ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ ಎನಿಸುತ್ತದೆ.

ಹಡಗನ್ನು ವಿನ್ಯಾಸಗೊಳಿಸಿದ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಹುಟ್ಟಿದ್ದು ಇದೇ ಫಿಲಡೆಲ್ಫಿಯಾದಲ್ಲಿ, 1886ರಲ್ಲಿ. ಎಂಟು ವರ್ಷದ ಬಾಲಕನಾಗಿದ್ದಾಗ, 1894ರಲ್ಲಿ, ಇದೇ ಡೆಲವೇರ್ ದಂಡೆಯ ಕ್ರ್ಯಾಂಪ್ ಹಡಗುಕಟ್ಟೆಯಲ್ಲಿ ಸೇಂಟ್ ಲೂಯಿಸ್ ಎಂಬ ಹಡಗು ನೀರಿಗಿಳಿಯುವುದನ್ನು ಕಂಡ ಆತ ಅಂದಿನಿಂದ ಹಡಗುಗಳ ಹುಚ್ಚು ಹಿಡಿಸಿಕೊಂಡವರು. ಮನೆಯವರ ಒತ್ತಾಯಕ್ಕೆ ಓದಿದ್ದು ಕಾನೂನು. ಹಡಗಿನ ವಿನ್ಯಾಸವನ್ನು ಕಲಿತದ್ದು ತನ್ನಷ್ಟಕ್ಕೆ ತಾನೇ, ಕೋಣೆಯ ಬಾಗಿಲು ಹಾಕಿಕೊಂಡು ನಕ್ಷೆಗಳನ್ನು ಓದುತ್ತ. ತಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹಡಗನ್ನು ನಿಜವಾಗಿ ಕಟ್ಟುವ ಅವಕಾಶ ಅವರಿಗೆ ದೊರೆತದ್ದು ಅರವತ್ತು ವರ್ಷ ದಾಟಿದ ಮೇಲೆ, ಅದೂ ಸರ್ಕಾರದ ಯುದ್ಧದ ಲೆಕ್ಕಾಚಾರದಿಂದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಕ್ವೀನ್ ಮೇರಿ ಮತ್ತು ಕ್ವೀನ್ ಎಲಿಜಬೆತ್ ಹಡಗುಗಳು ಸೈನಿಕರನ್ನು ಸಾಗಿಸಿದ ಪರಿಯನ್ನು ಕಂಡಿದ್ದ ಅಮೆರಿಕ ಸರ್ಕಾರಕ್ಕೆ, ಶಾಂತಿಕಾಲದಲ್ಲಿ ಪ್ರಯಾಣಿಕರನ್ನೂ ಯುದ್ಧ ಬಂದರೆ ಹದಿನಾಲ್ಕು ಸಾವಿರ ಸೈನಿಕರನ್ನೂ ಒಯ್ಯಬಲ್ಲ ಹಡಗೊಂದು ತನ್ನದೇ ಆಗಿ ಬೇಕಾಗಿತ್ತು. ಸುಮಾರು 7.8 ಕೋಟಿ ಡಾಲರ್ ವೆಚ್ಚದಲ್ಲಿ ಹೆಚ್ಚಿನ ಪಾಲನ್ನು ಸರ್ಕಾರವೇ ಭರಿಸಿತು.

ಹೀಗಾಗಿ ಅದು ಅರ್ಧ ಯುದ್ಧನೌಕೆಯೇ ಆಗಿತ್ತು. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ, ಇಳಿಜಾರು ಕಟ್ಟೆಯ ಬದಲು ಒಣ ಧಕ್ಕೆಯೊಳಗೆ ಅದನ್ನು ಕಟ್ಟಿ, ಆಮೇಲೆ ನೀರು ತುಂಬಿಸಿ ತೇಲಿಸಲಾಯಿತು. ನೀರಿನ ಕೆಳಗಿನ ಒಡಲಿನ ಆಕಾರ ಹೊರಗಿನ ಯಾರ ಕಣ್ಣಿಗೂ ಬೀಳಬಾರದೆಂಬುದು ಅದರ ಒಂದು ಲಾಭ. ನಾಲ್ಕು ಪ್ರೊಪೆಲರ್‌ಗಳ ಪೈಕಿ ಎರಡಕ್ಕೆ ನಾಲ್ಕು ಅಲಗು, ಎರಡಕ್ಕೆ ಐದು ಅಲಗು. ವೇಗ ಹೆಚ್ಚಿದಾಗ ನೀರಿನಲ್ಲಿ ಗುಳ್ಳೆಯೆದ್ದು ಹಡಗು ನಡುಗುವುದನ್ನು ತಗ್ಗಿಸಿದ ಈ ಜೋಡಣೆಯ ಹಿಂದೆ ಇದ್ದವರು ಗಿಬ್ಸ್ ಅವರ ಸಂಸ್ಥೆಯ ಎಂಜಿನಿಯರ್ ಎಲೇನ್ ಕ್ಯಾಪ್ಲಾನ್. 1950ರ ದಶಕದ ಹಡಗು ಉದ್ಯಮದಲ್ಲಿ ಹೆಣ್ಣುಮಗಳೊಬ್ಬಳು ಇಂಥ ಕೆಲಸದಲ್ಲಿದ್ದಳು ಎಂಬುದನ್ನು ನಾನು ಓದಿದ್ದು ಬಹಳ ತಡವಾಗಿ. ಮೇಲಿನ ಅಂತಸ್ತುಗಳನ್ನೆಲ್ಲ ಉಕ್ಕಿನ ಬದಲು ಅಲ್ಯೂಮಿನಿಯಂನಲ್ಲಿ ಕಟ್ಟಿ ತೂಕ ಇಳಿಸಲಾಗಿತ್ತು. 2,40,000 ಅಶ್ವಶಕ್ತಿಯ ಟರ್ಬೈನ್‌ಗಳು ಪರೀಕ್ಷಾ ಓಟದಲ್ಲಿ ಅದನ್ನು 38.32 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 71 ಕಿಲೋಮೀಟರಿನಷ್ಟು, ಓಡಿಸಿದ್ದವು. ಈ ಸಂಖ್ಯೆಯನ್ನು ಸರ್ಕಾರ ದಶಕಗಳ ಕಾಲ ಗುಟ್ಟಾಗಿಯೇ ಇರಿಸಿತ್ತು.

1952ರ ಜುಲೈ 3ರಂದು ನ್ಯೂಯಾರ್ಕ್‌ನಿಂದ ಹೊರಟ ಮೊದಲ ಪಯಣದಲ್ಲಿ ಅದು ಅಟ್ಲಾಂಟಿಕ್ಕನ್ನು 3 ದಿನ, 10 ಗಂಟೆ, 40 ನಿಮಿಷಗಳಲ್ಲಿ ದಾಟಿತು. ಕ್ವೀನ್ ಮೇರಿ 1938ರಿಂದ ಕಾಪಾಡಿಕೊಂಡು ಬಂದಿದ್ದ ದಾಖಲೆಯನ್ನು ಹತ್ತು ಗಂಟೆಗಳ ಅಂತರದಿಂದ ಮುರಿದದ್ದಷ್ಟೇ ಅಲ್ಲ, ಮರಳುವಾಗ ಪಶ್ಚಿಮಮುಖದ ದಾಖಲೆಯನ್ನೂ ತನ್ನದಾಗಿಸಿಕೊಂಡಿತು. ಸಾಗರ ದಾಟುವ ಪ್ರಯಾಣಿಕ ಹಡಗು ಬೇರೆ ಯಾವುದೂ ಆ ವೇಗವನ್ನು ಮುಟ್ಟಿಲ್ಲ. ಇನ್ನು ಮುಟ್ಟುವ ಅಗತ್ಯವೂ ಯಾರಿಗೂ ಇಲ್ಲ, ಏಕೆಂದರೆ 1958ರಲ್ಲಿ ಜೆಟ್ ವಿಮಾನಗಳು ಅದೇ ದೂರವನ್ನು ಒಂದು ಹಗಲಿನ ಕೆಲಸವಾಗಿಸಿಬಿಟ್ಟವು.

ಗಿಬ್ಸ್ ಅವರಿಗಿದ್ದ ಇನ್ನೊಂದು ಗೀಳಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹಡಗಿನ ಮುಂದಿನ ದುರ್ಗತಿಯ ಬೀಜ ಅದರಲ್ಲೇ ಇತ್ತು. ಅವರಿಗೆ ಬೆಂಕಿಯೆಂದರೆ ಭಯ. 1934ರಲ್ಲಿ ಮೊರೊ ಕ್ಯಾಸಲ್ ಎಂಬ ಹಡಗು ನ್ಯೂಜೆರ್ಸಿಯ ಕರಾವಳಿಯಲ್ಲಿ ಹೊತ್ತಿ ಉರಿದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. 1942ರಲ್ಲಿ ಫ್ರಾನ್ಸಿನ ನಾರ್ಮಂಡಿ ಎಂಬ ಭವ್ಯ ಹಡಗು ನ್ಯೂಯಾರ್ಕಿನ ಧಕ್ಕೆಯಲ್ಲೇ ಬೆಂಕಿ ಬಿದ್ದು ಮಗುಚಿಕೊಂಡಿತ್ತು. ಆದ್ದರಿಂದ ತಮ್ಮ ಹಡಗಿನಲ್ಲಿ ಮರವೇ ಇರಬಾರದೆಂದು ಅವರು ಹಟ ಹಿಡಿದರು. ಕುರ್ಚಿ, ಮಂಚ, ಮೆಟ್ಟಿಲ ಕೈಪಿಡಿ, ಬಟ್ಟೆ ತೂಗುಹಾಕುವ ಕೊಕ್ಕೆಯವರೆಗೂ ಅಲ್ಯೂಮಿನಿಯಂ. ಪರದೆಗಳೆಲ್ಲ ಬೆಂಕಿ ಹಿಡಿಯದ ಗಾಜಿನೆಳೆಯ ಬಟ್ಟೆ. ಅಡುಗೆಮನೆಯಲ್ಲಿ ಮಾಂಸ ಕತ್ತರಿಸುವ ಕೊರಡು ಮತ್ತು ಪಿಯಾನೋ, ಇವೆರಡರಲ್ಲಿ ಮಾತ್ರ ಮರಕ್ಕೆ ಪ್ರವೇಶ ಸಿಕ್ಕಿತೆಂಬುದು ಹಡಗುಪ್ರಿಯರು ಇಂದಿಗೂ ಸಂತೋಷದಿಂದ ಹೇಳಿಕೊಳ್ಳುವ ಮಾತು. ಗೋಡೆಗಳಿಗೆ, ಕೊಳವೆಗಳಿಗೆ, ಕೋಣೆಗಳ ನಡುವಿನ ತಡಿಕೆಗಳಿಗೆ ಅವರು ಬಳಸಿದ್ದು ಆ ಕಾಲದಲ್ಲಿ ಬೆಂಕಿಗೆ ರಾಮಬಾಣವೆನಿಸಿದ್ದ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಆ ನಾರಿನ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರ್ ತರುತ್ತದೆಂಬುದು ಸಾರ್ವಜನಿಕ ತಿಳಿವಳಿಕೆಯಾದದ್ದು ಆಮೇಲೆ. ಪ್ರಯಾಣಿಕರನ್ನು ಬೆಂಕಿಯಿಂದ ಕಾಪಾಡಲೆಂದು ಹಾಕಿದ ವಸ್ತುವೇ, ಹಡಗು ನಿಂತ ಮೇಲೆ, ಅದನ್ನು ಯಾರೂ ಮುಟ್ಟಲಾರದ ಮೈಲಿಗೆಯ ವಸ್ತುವನ್ನಾಗಿ ಮಾಡಿತು.

1969ರ ನವೆಂಬರಿನಲ್ಲಿ, ನಾನೂರು ಪಯಣಗಳನ್ನು ಮುಗಿಸಿದ ಮೇಲೆ, ಹಡಗು ಸೇವೆಯಿಂದ ನಿಂತಿತು. ಗಿಬ್ಸ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು, ಅದು ಅವರ ಅದೃಷ್ಟವೆನ್ನಬೇಕು. ಸರ್ಕಾರ ಮೊದಲು ಅದನ್ನು ಗುಟ್ಟಿನ ವಸ್ತುವಿನಂತೆ ಕಾಪಾಡಿ, 1978ರಲ್ಲಿ ಸಿಯಾಟಲ್‌ನ ಉದ್ಯಮಿಯೊಬ್ಬರಿಗೆ ಮಾರಿತು. ಕೋಣೆಗಳನ್ನು ಪಾಲು ಪಾಲಾಗಿ ಮಾರಿ ವಿಹಾರಕ್ಕೆ ಓಡಿಸುವೆನೆಂಬ ಅವರ ಯೋಜನೆ ಹಣವಿಲ್ಲದೆ ಬಿದ್ದುಹೋಯಿತು. ಸಾಲ ತೀರಿಸಲು 1984ರಲ್ಲಿ ಹಡಗಿನ ಒಳಗಿನ ವಸ್ತುಗಳನ್ನೆಲ್ಲ ಹರಾಜು ಹಾಕಲಾಯಿತು: ಆ ಅಲ್ಯೂಮಿನಿಯಂ ಕುರ್ಚಿಗಳು, ತಟ್ಟೆ ಬಟ್ಟಲುಗಳು, ಗೋಡೆಯ ಕಲಾಕೃತಿಗಳು. ಮುಂದೆ 1992ರಲ್ಲಿ ಅದನ್ನು ಇನ್ನೊಬ್ಬರು ಕೊಂಡು ಟರ್ಕಿಗೆ ಎಳೆದೊಯ್ದರು. ಅಲ್ಲಿಂದ ಅದು ಉಕ್ರೇನಿನ ಸೆವಾಸ್ಟೊಪೋಲ್‌ಗೆ ಹೋಯಿತು. ಅಲ್ಲಿ ಕಲ್ನಾರನ್ನು ಕಿತ್ತು ತೆಗೆದರು; ಅದರೊಂದಿಗೆ ಒಳಗೋಡೆಗಳೂ ಕೋಣೆಗಳೂ ಹೋದವು. 1996ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ನಿಂತದ್ದು ಯಂತ್ರಗಳು ಮತ್ತು ಉಕ್ಕಿನ ಕರಟ ಮಾತ್ರ. ಹಡಗು ಅಳಿದದ್ದು ಮುಳುಗಲೆಂದು ಧಕ್ಕೆ ಬಿಟ್ಟು ಹೊರಟ 2025ರಲ್ಲಿ ಅಲ್ಲ, ಈ ಹನ್ನೆರಡು ವರ್ಷಗಳಲ್ಲಿ ಎಂದು ನನ್ನ ಅಭಿಪ್ರಾಯ. ಇದನ್ನು ಹೇಳಿದಾಗಲೆಲ್ಲ ಹಡಗುಪ್ರಿಯ ಗೆಳೆಯರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಆದರೂ ಆ ಕರಟವನ್ನು ಉಳಿಸಲು ನಡೆದ ಹೋರಾಟ ಸಣ್ಣದಲ್ಲ. 2003ರಲ್ಲಿ ವಿಹಾರ ಹಡಗುಗಳ ದೊಡ್ಡ ಕಂಪನಿಯಾದ ನಾರ್ವೇಜಿಯನ್ ಕ್ರೂಸ್ ಲೈನ್ ಅದನ್ನು ಕೊಂಡು, ದುರಸ್ತಿಯ ಮಾತಾಡಿ, 2009ರ ಹೊತ್ತಿಗೆ ಕೈಚೆಲ್ಲಿತು. ಗುಜರಿಯವರು ದರ ಕೇಳುತ್ತಿದ್ದ ಹೊತ್ತಿನಲ್ಲಿ, ಗಿಬ್ಸ್ ಅವರ ಮೊಮ್ಮಗಳು ಸೂಸನ್ ಗಿಬ್ಸ್ ಮುಂದಾಳುವಾಗಿದ್ದ ಸಂರಕ್ಷಣಾ ಸಂಸ್ಥೆಯೊಂದು, ಫಿಲಡೆಲ್ಫಿಯಾದ ದಾನಿ ಗೆರಿ ಲೆನ್‌ಫೆಸ್ಟ್ ಅವರು ಕೊಡಮಾಡಿದ 58 ಲಕ್ಷ ಡಾಲರಿನ ನೆರವಿನಿಂದ, 2011ರಲ್ಲಿ ಹಡಗನ್ನು 30 ಲಕ್ಷ ಡಾಲರಿಗೆ ಕೊಂಡಿತು. ಅಲ್ಲಿಂದ ಮುಂದೆ ಅಪ್ಪನ ಪ್ರಶ್ನೆ ಶುರುವಾಗುತ್ತದೆ. ಕೊಳ್ಳುವ ಬೆಲೆ ಒಮ್ಮೆ ಕೊಟ್ಟರೆ ಮುಗಿಯಿತು; ಧಕ್ಕೆ, ಕಾವಲು, ವಿಮೆ ಎಂದು ತಿಂಗಳಿಗೆ ಸುಮಾರು 60,000 ಡಾಲರ್ ಖರ್ಚು ಮಾತ್ರ ಮಳೆಯಿರಲಿ ಬಿಸಿಲಿರಲಿ ನಿಲ್ಲುವುದಿಲ್ಲ. ನಮ್ಮ ಕಡೆ ಆನೆ ಸಾಕುವ ಮಾತು ಬಂದಾಗ ಆನೆಯ ಬೆಲೆಯನ್ನು ಯಾರೂ ಕೇಳುವುದಿಲ್ಲ, ಅದರ ಮೇವಿನ ಲೆಕ್ಕ ಕೇಳುತ್ತಾರೆ.

2015ರ ಅಕ್ಟೋಬರಿನಲ್ಲಿ ಸಂಸ್ಥೆ ತಾನೇ ಮುಂದೆ ಬಂದು, ಹಣ ಬರದಿದ್ದರೆ ಗುಜರಿಗೆ ಮಾರುವುದು ಅನಿವಾರ್ಯವೆಂದು ಘೋಷಿಸಿತು. ಜನ ಆರು ಲಕ್ಷ ಡಾಲರಿಗೂ ಹೆಚ್ಚು ಕಳುಹಿಸಿದರು. ನಾನೂ ಐವತ್ತು ಡಾಲರ್ ಕಳುಹಿಸಿದೆ, ಹೆಂಡತಿಗೆ ಹೇಳದೆ. 2016ರ ಫೆಬ್ರುವರಿಯಲ್ಲಿ ಕ್ರಿಸ್ಟಲ್ ಕ್ರೂಸಸ್ ಎಂಬ ಕಂಪನಿ ಹಡಗನ್ನು ಮತ್ತೆ ಸಾಗರಕ್ಕೆ ಇಳಿಸುವೆನೆಂದು ಹೇಳಿ, ಆಗಸ್ಟ್ ಹೊತ್ತಿಗೆ, ಒಡಲು ಗಟ್ಟಿಯಾಗಿದ್ದರೂ ಇಂದಿನ ಸುರಕ್ಷತಾ ನಿಯಮಗಳಿಗೆ ತಕ್ಕಂತೆ ಬದಲಿಸುವುದು ಆಗದ ಮಾತೆಂದು ಹಿಂದೆ ಸರಿಯಿತು. 2018ರಿಂದ ನ್ಯೂಯಾರ್ಕಿನ ಕಟ್ಟಡ ಉದ್ಯಮ ಸಂಸ್ಥೆಯೊಂದು ಸಾವಿರ ಕೋಣೆಗಳ ಹೋಟೆಲಿನ ಯೋಜನೆ ಹೆಣೆಯಿತು. ಆ ನಕ್ಷೆಗಳನ್ನು ನೋಡಿದರೆ ಬಹಳ ಸುಂದರವಾಗಿದ್ದವು. ಆದರೆ ಸಾವಿರ ಅಡಿಯ ಧಕ್ಕೆಯನ್ನು ಅದಕ್ಕೆ ಬಿಟ್ಟುಕೊಡಲು ಯಾವ ನಗರವೂ ಮುಂದಾಗಲಿಲ್ಲ.

ಉಳಿದ ಹಡಗುಗಳ ಕತೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎಲ್ಲಿದೆಯೆಂದು ತಿಳಿಯುತ್ತದೆ. ಕ್ವೀನ್ ಮೇರಿಯನ್ನು 1967ರಲ್ಲಿ ಕೊಂಡದ್ದು ಅಭಿಮಾನಿಗಳ ಸಂಘವಲ್ಲ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಗರ. ಅದರ ಹತ್ತಿರ ಸ್ವಂತ ಬಂದರೂ ಕರಾವಳಿಯ ತೈಲದಿಂದ ಬರುವ ಹಣವೂ ಇದ್ದವು. ಅಷ್ಟಿದ್ದೂ ಆ ಹಡಗು ದುರಸ್ತಿಯ ಹೊರೆಯಿಂದ ಏದುಸಿರು ಬಿಟ್ಟಿದೆ. 2020ರಲ್ಲಿ ಮುಚ್ಚಿದ್ದು ಮತ್ತೆ ಬಾಗಿಲು ತೆರೆದದ್ದು 2023ರಲ್ಲಿ. ರಾಟರ್‌ಡ್ಯಾಮ್ ಎಂಬ ಹಡಗು ಅದೇ ಹೆಸರಿನ ನಗರಕ್ಕೆ 2008ರಲ್ಲಿ ಮರಳಿ ಹೋಟೆಲಾಯಿತು. ಕ್ವೀನ್ ಎಲಿಜಬೆತ್ 2 ಹಡಗನ್ನು ದುಬೈ ಕೊಂಡು, ಹತ್ತು ವರ್ಷ ಸುಮ್ಮನೆ ನಿಲ್ಲಿಸಿ, 2018ರಲ್ಲಿ ತೆರೆಯಿತು. ಇಲ್ಲೆಲ್ಲ ಹಡಗಿನ ಒಡೆಯರಿಗೆ ಧಕ್ಕೆಯ ಮೇಲೂ ಹಿಡಿತವಿತ್ತು.

ನಮ್ಮ ದೇಶದಲ್ಲೂ ಇದನ್ನು ನೋಡಿದ್ದೇವೆ. ಭಾರತದ ಮೊದಲ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್ 1997ರಲ್ಲಿ ನಿವೃತ್ತವಾಗಿ, ಮುಂಬಯಿಯಲ್ಲಿ ಕೆಲವು ವರ್ಷ ಸಂಗ್ರಹಾಲಯವಾಗಿತ್ತು. ಅದನ್ನು ಶಾಶ್ವತವಾಗಿ ಉಳಿಸಬೇಕೆಂಬ ಮನವಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಿದ್ದುಹೋಯಿತು. 2014ರಲ್ಲಿ ಮುಂಬಯಿಯ ದಾರುಖಾನಾದಲ್ಲಿ ಅದನ್ನು ಒಡೆದರು. ಅದೇ ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿ 2006ರಿಂದ ನೆಮ್ಮದಿಯಾಗಿ ನಿಂತಿದೆ. ಅದು ಸಣ್ಣದು ಮತ್ತು ನೆಲದ ಮೇಲಿದೆ. ಅದಕ್ಕೆ ಧಕ್ಕೆಯ ಬಾಡಿಗೆಯೂ ಇಲ್ಲ, ನೀರೊಳಗಿನ ಒಡಲು ಕೆರೆಯುವ ಕೆಲಸವೂ ಇಲ್ಲ.

ಗುಜರಾತಿನ ಅಲಂಗ್ ಕಡಲತೀರದ ಹೆಸರನ್ನು ಇಲ್ಲಿ ಬಿಡುವಂತಿಲ್ಲ. ಫ್ರಾನ್ಸಿನ ಹೆಮ್ಮೆಯಾಗಿದ್ದ, 1,035 ಅಡಿ ಉದ್ದದ ಎಸ್‌ಎಸ್ ಫ್ರಾನ್ಸ್, ಮುಂದೆ ನಾರ್ವೇ ಎಂಬ ವಿಹಾರ ಹಡಗಾಗಿ, 2003ರಲ್ಲಿ ಮಯಾಮಿಯಲ್ಲಿ ಬಾಯ್ಲರ್ ಸಿಡಿದು ಎಂಟು ಮಂದಿ ಸಿಬ್ಬಂದಿಯನ್ನು ಬಲಿ ತೆಗೆದುಕೊಂಡ ಮೇಲೆ, ಬ್ಲೂ ಲೇಡಿ ಎಂಬ ಕೊನೆಯ ಹೆಸರಿನಲ್ಲಿ 2006ರಲ್ಲಿ ಬಂದು ಮಲಗಿದ್ದು ಅಲ್ಲಿಯೇ. ಅದರಲ್ಲಿದ್ದ ಕಲ್ನಾರಿನ ಕಾರಣಕ್ಕೆ ಒಡೆಯಬಾರದೆಂದು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2007ರ ಸೆಪ್ಟೆಂಬರಿನಲ್ಲಿ ಒಡೆಯಲು ಅನುಮತಿ ಕೊಟ್ಟಿತು. ಹಡಗುಪ್ರಿಯರು ಅಲಂಗ್ ಎಂದರೆ ಕಸಾಯಿಖಾನೆಯೆಂಬಂತೆ ಮಾತಾಡುತ್ತಾರೆ. ಭರತದ ನೀರಿನಲ್ಲಿ ಹಡಗನ್ನು ದಡಕ್ಕೆ ನುಗ್ಗಿಸಿ, ಇಳಿತದಲ್ಲಿ ಗ್ಯಾಸ್ ಕಟ್ಟರಿನಿಂದ ಕೊಯ್ಯುವ ಆ ಕೂಲಿಗಾರರ ಮೈಮೇಲೆ ಬೀಳುವ ಅಪಾಯದ ಬಗ್ಗೆ ಆಡುವುದಾದರೆ ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ಹಡಗಿನ ಉಕ್ಕು ಕರಗಿ ಕಟ್ಟಡದ ಸರಳಾಗುತ್ತದೆ, ಹಡಗಿನ ಮಂಚ, ಮೇಜು, ಪಾತ್ರೆಗಳು ರಸ್ತೆಬದಿಯ ಅಂಗಡಿಗಳಲ್ಲಿ ಮಾರಾಟವಾಗಿ ಯಾರದೋ ಮನೆ ಸೇರುತ್ತವೆ. ಧಕ್ಕೆಯಲ್ಲಿ ಇಪ್ಪತ್ತೆಂಟು ವರ್ಷ ತುಕ್ಕು ಹಿಡಿಯುವುದಕ್ಕಿಂತ ಅದು ಹೀನವಾದ ಗತಿಯೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಫಿಲಡೆಲ್ಫಿಯಾದ ಧಕ್ಕೆಯ ಒಡೆಯರು ದಿನಕ್ಕೆ 850 ಡಾಲರಿದ್ದ ಬಾಡಿಗೆಯನ್ನು 2021ರಲ್ಲಿ 1,700ಕ್ಕೆ ಏರಿಸಿದರು. ಸಂಸ್ಥೆ ಕೊಡಲೊಪ್ಪಲಿಲ್ಲ, ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 2024ರ ಜೂನ್ ತಿಂಗಳಲ್ಲಿ ಬಂದ ತೀರ್ಪು ವಿಚಿತ್ರವಾಗಿತ್ತು: ಏರಿಸಿದ ಬಾಡಿಗೆಯ ಬಾಕಿಯನ್ನು ಸಂಸ್ಥೆ ಕೊಡಬೇಕಾಗಿಲ್ಲ, ಆದರೆ ಸೆಪ್ಟೆಂಬರ್ 12ರೊಳಗೆ ಜಾಗ ಖಾಲಿ ಮಾಡಬೇಕು. ಅಂದರೆ ಗೆದ್ದ ಬಾಡಿಗೆದಾರನನ್ನೇ ಒಕ್ಕಲೆಬ್ಬಿಸಿದಂತಾಯಿತು. ಅಷ್ಟು ದೊಡ್ಡ ಹಡಗಿಗೆ ಮೂರು ತಿಂಗಳಲ್ಲಿ ಹೊಸ ಜಾಗ ಹುಡುಕುವುದು ಯಾರಿಂದಲೂ ಆಗುವ ಕೆಲಸವಾಗಿರಲಿಲ್ಲ. ಕೈಯಲ್ಲಿ ಹಣ ಹಿಡಿದು ಬಂದದ್ದು ಫ್ಲಾರಿಡಾದ ಒಕಲೂಸಾ ಕೌಂಟಿಯ ಸ್ಥಳೀಯ ಆಡಳಿತ. ಅವರಿಗೆ ಬೇಕಾಗಿದ್ದುದು ಹೋಟೆಲಲ್ಲ, ಸಮುದ್ರದ ತಳದಲ್ಲೊಂದು ಕೃತಕ ಬಂಡೆಸಾಲು. ಮೆಕ್ಸಿಕೋ ಕೊಲ್ಲಿಯಲ್ಲಿ ಡೆಸ್ಟಿನ್ ಕರಾವಳಿಯಾಚೆ ಹಡಗನ್ನು ಮುಳುಗಿಸಿದರೆ ಮೀನುಗಳು ನೆಲೆಗೊಳ್ಳುತ್ತವೆ, ಮೀನು ಹಿಡಿಯುವವರೂ ಮುಳುಗಿ ನೋಡುವ ಡೈವರ್‌ಗಳೂ ಬರುತ್ತಾರೆ ಎಂಬುದು ಲೆಕ್ಕ. ಇಂಥದನ್ನು ಪಕ್ಕದ ಪೆನ್ಸಕೋಲಾದವರು 2006ರಲ್ಲಿ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯನ್ನು ಮುಳುಗಿಸಿ ಮಾಡಿ ತೋರಿಸಿದ್ದರು. ಹಡಗಿಗೆ 10 ಲಕ್ಷ ಡಾಲರ್. ಎಳೆಯುವುದು, ಶುಚಿಗೊಳಿಸುವುದು, ದಡದ ಮೇಲಿನ ಸಂಗ್ರಹಾಲಯ ಎಲ್ಲ ಸೇರಿ ಒಟ್ಟು ಸುಮಾರು ಒಂದು ಕೋಟಿ ಡಾಲರ್.

ನ್ಯೂಯಾರ್ಕಿಗೆ ತರಬೇಕೆಂದು ಹೋರಾಡುತ್ತಿದ್ದ ಗುಂಪು ಇದನ್ನು ದ್ರೋಹವೆಂದಿತು. ಸಂಸ್ಥೆ ಇದನ್ನು ಹೊಸ ಅಧ್ಯಾಯವೆಂದಿತು. ನಾನು ಎರಡೂ ಮಾತುಗಳನ್ನು ಒಪ್ಪಲಾರೆ. ಮುಳುಗಿಸುವುದನ್ನು ಉಳಿಸುವುದೆಂದು ಕರೆಯುವುದು ಭಾಷೆಗೆ ಮಾಡುವ ಅನ್ಯಾಯ. ಆದರೆ ಹದಿಮೂರು ವರ್ಷ ಮನೆಮನೆಯಿಂದ ಕಾಸು ಕೂಡಿಸಿ ದಿನದ ಬಾಡಿಗೆ ಕಟ್ಟಿದವರನ್ನು ದ್ರೋಹಿಗಳೆನ್ನುವವರು ಒಂದು ತಿಂಗಳ ಬಾಡಿಗೆಯನ್ನಾದರೂ ಕಟ್ಟಿ ನೋಡಬೇಕಿತ್ತು. ತುಂಡು ತುಂಡಾಗುವುದಕ್ಕಿಂತ, ಗಿಬ್ಸ್ ಬರೆದ ಆ ಒಡಲ ಗೆರೆ ಇಡಿಯಾಗಿ ಎಲ್ಲೋ ಒಂದು ಕಡೆ ಇರುವುದು ನನಗೆ ಇಷ್ಟ, ಅದು ನನ್ನ ಕಣ್ಣಿಗೆ ಬೀಳದಿದ್ದರೂ ಸರಿಯೇ.

2025ರ ಫೆಬ್ರುವರಿ 19ರಂದು ಕೊರೆಯುವ ಚಳಿಯಲ್ಲಿ ನ್ಯೂಜೆರ್ಸಿಯ ದಂಡೆಯಲ್ಲಿ ನಿಂತಿದ್ದೆ. ಅಕ್ಕಪಕ್ಕದಲ್ಲಿ ಮುದುಕರು, ಮಕ್ಕಳು, ದೊಡ್ಡ ಲೆನ್ಸಿನ ಕ್ಯಾಮೆರಾ ಹಿಡಿದವರು. ಚಿಮಣಿಗಳ ನೆತ್ತಿ ಸೇತುವೆಗಳಿಗೆ ತಾಗದಿರಲೆಂದು ನೀರಿಳಿದ ಹೊತ್ತು ನೋಡಿ ಟಗ್ ಎಂಬ ಎಳೆಯುವ ದೋಣಿಗಳು ಅದನ್ನು ಎಳೆದವು. ಹಡಗು ಕೆಳಗೆ ಹಾಯುವಾಗ ವಾಲ್ಟ್ ವಿಟ್‌ಮನ್ ಸೇತುವೆಯ ಮೇಲಿನ ವಾಹನ ಸಂಚಾರವನ್ನು ನಿಲ್ಲಿಸಿದ್ದರು. ಎಂಜಿನಿನ ಸದ್ದಿಲ್ಲ, ಹೊಗೆಯಿಲ್ಲ. ಒಂದು ಕಾಲದಲ್ಲಿ ಗಂಟೆಗೆ 66 ಕಿಲೋಮೀಟರಿನ ಸರಾಸರಿಯಲ್ಲಿ ಸಾಗರ ದಾಟಿದ್ದ ಹಡಗು ನಡೆದುಹೋಗುವ ಮನುಷ್ಯನ ವೇಗದಲ್ಲಿ ನಮ್ಮೆದುರು ಸರಿದುಹೋಯಿತು. ಮಾರ್ಚ್ 3ರಂದು ಅದು ಅಲಬಾಮಾದ ಮೊಬೀಲ್ ಬಂದರು ತಲುಪಿತು. ಮುಳುಗಿಸುವ ಮುನ್ನ ಅಲ್ಲಿ ಎಣ್ಣೆಯ ಪಸೆ, ಬಣ್ಣ, ವಿಷವಸ್ತುಗಳನ್ನೆಲ್ಲ ತೆಗೆದು ಶುಚಿಗೊಳಿಸುವುದೂ ಚಿಮಣಿಯಂಥ ಗುರುತಿನ ಭಾಗಗಳನ್ನು ಸಂಗ್ರಹಾಲಯಕ್ಕಾಗಿ ತೆಗೆದಿಡುವುದೂ ಯೋಜನೆಯಾಗಿತ್ತು.

ಹಡಗು ಫಿಲಡೆಲ್ಫಿಯಾ ಬಿಟ್ಟ ಆ ರಾತ್ರಿ ಮಂಗಳೂರಿಗೆ ಫೋನ್ ಮಾಡಿ ಅಪ್ಪನಿಗೆ ವಿಷಯ ತಿಳಿಸಿದೆ. ಐಕಿಯಾದ ಕಿಟಕಿಯಲ್ಲಿ ಕಂಡ ಹಡಗು ಅವರಿಗೆ ನೆನಪಿತ್ತು. ಎಷ್ಟು ಆಳದಲ್ಲಿ ಮುಳುಗಿಸುತ್ತಾರೆಂದು ಕೇಳಿದರು. ಸುಮಾರು 180 ಅಡಿ ಎಂದೆ.

“ಮೂವತ್ತು ಮಾರು,” ಎಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಲ್ಲಿ ಅಂಜಲ್ ಮೀನು ಒಳ್ಳೆಯದು ಸಿಕ್ಕೀತು,” ಎಂದರು.